ತೆಳು ಲ್ಯಾಪ್‌ಟಾಪ್ ಕೊಳ್ಳಬೇಕೇ? ನಿರ್ಧಾರಕ್ಕೆ ಮುಂಚಿನ ಲೆಕ್ಕ

ಬೋಧನಾಭ್ಯಾಸದ ದಿನಗಳು ಹತ್ತಿರವಾದಂತೆ ಪ್ರಶಿಕ್ಷಣಾರ್ಥಿಗಳು ಮಾರ್ಗದರ್ಶಕ ಉಪನ್ಯಾಸಕರನ್ನು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: “ಹೊಸದಾಗಿ ಬಂದಿರುವ ತೆಳು ಲ್ಯಾಪ್‌ಟಾಪ್ ತಗೊಳ್ಳಬಹುದಾ ಸರ್?” ಹೌದು ಅಥವಾ ಬೇಡ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಪ್ರಶ್ನೆ ಇದಲ್ಲ. ಜಯಪುರದ ಸುತ್ತಮುತ್ತಲಿನ ಬಹುಪಾಲು ಮನೆಗಳಲ್ಲಿ ದೊಡ್ಡ ಮೊತ್ತದ ಹಣ ಬರುವುದು ಅಡಿಕೆ ಅಥವಾ ಕಾಫಿ ಮಾರಿದಾಗ ಮಾತ್ರ. ಹಳದಿ ಎಲೆ ರೋಗ, ಎಲೆಚುಕ್ಕೆ ರೋಗಗಳಿಂದ ಆ ಹಣವೂ ನೆಚ್ಚಿಕೊಳ್ಳುವಂತಿಲ್ಲ. ಇಂಥ ಮನೆಯಿಂದ ಎಪ್ಪತ್ತು, ಎಂಬತ್ತು ಸಾವಿರ ರೂಪಾಯಿ ಒಂದು ಯಂತ್ರಕ್ಕೆ ಹೋಗುತ್ತದೆ ಎಂದರೆ ಅದಕ್ಕೆ ಪಾಠಯೋಜನೆಯಷ್ಟೇ ಸಿದ್ಧತೆ ಬೇಕು.

ಜಾಹೀರಾತು ಯಂತ್ರದ ಗುಣಗಳಿಂದ ಆರಂಭವಾಗುತ್ತದೆ. ನಾವು ಆರಂಭಿಸಬೇಕಾದದ್ದು ನಮ್ಮ ಕೆಲಸದಿಂದ. ಪಾಠದ ಉದ್ದೇಶವನ್ನು ಬರೆದುಕೊಳ್ಳದೆ ಕಲಿಕೋಪಕರಣವನ್ನು ಆರಿಸಬಾರದು ಎಂದು ಸೂಕ್ಷ್ಮ ಬೋಧನೆಯ ಹಂತದಲ್ಲೇ ಹೇಳಿಕೊಡುತ್ತೇವೆ. ಲ್ಯಾಪ್‌ಟಾಪಿಗೂ ಅದೇ ನಿಯಮ. ಯಂತ್ರವನ್ನು ತೆಳುವಾಗಿಸಲು ತಯಾರಕರು ಏನನ್ನೋ ಬಿಟ್ಟುಕೊಟ್ಟಿರುತ್ತಾರೆ. ಹಾಗೆ ಬಿಟ್ಟುಕೊಟ್ಟದ್ದು ನಮ್ಮ ಕೆಲಸಕ್ಕೆ ಬೇಕಾದದ್ದೇ ಅಲ್ಲವೇ ಎಂಬುದನ್ನು ತಿಳಿಯುವುದೇ ಇಲ್ಲಿನ ಮುಖ್ಯ ವಿಚಾರ.

ತೆಳು ಬೇರೆ, ಹಗುರ ಬೇರೆ

ಈ ಎರಡನ್ನೂ ಒಂದೇ ಎಂದುಕೊಳ್ಳುವುದು ಸಾಮಾನ್ಯ. ದಪ್ಪದಲ್ಲಿ ಅರ್ಧ ಸೆಂಟಿಮೀಟರ್ ಕಡಿಮೆಯಾದರೆ ನೋಡಲು ಚೆಂದ, ಬ್ಯಾಗಿನಲ್ಲಿ ಒಂದು ನೋಟ್‌ಪುಸ್ತಕಕ್ಕೆ ಹೆಚ್ಚು ಜಾಗ ಸಿಗುತ್ತದೆ, ಅಷ್ಟೆ. ಬಸ್ಸಿಳಿದು ಶಾಲೆಯವರೆಗೆ ನಡೆಯುವವರ ಭುಜಕ್ಕೆ ತಿಳಿಯುವುದು ತೂಕ. ಅದನ್ನೂ ಯಂತ್ರಕ್ಕೆ ಮಾತ್ರ ಲೆಕ್ಕ ಹಾಕಿದರೆ ಸಾಲದು. ಚಾರ್ಜರ್, ಪ್ರೊಜೆಕ್ಟರಿಗೆ ಜೋಡಿಸುವ ಅಡಾಪ್ಟರ್, ಮಳೆಯಿಂದ ಕಾಯುವ ಚೀಲ ಎಲ್ಲವನ್ನೂ ಸೇರಿಸಿ ತೂಗಬೇಕು. 1.2 ಕೆ.ಜಿ. ಯಂತ್ರಕ್ಕೆ 300 ಗ್ರಾಂ ಚಾರ್ಜರ್ ಮತ್ತು 100 ಗ್ರಾಂ ಅಡಾಪ್ಟರ್ ಸೇರಿದರೆ ಹೊರೆ 1.6 ಕೆ.ಜಿ. ಆಯಿತು. ಪಾಠಯೋಜನೆಯ ದಾಖಲೆ ಪುಸ್ತಕ, ಚಾರ್ಟುಗಳು, ಊಟದ ಡಬ್ಬಿ, ಕೊಡೆ ಇವೆಲ್ಲ ಇದರ ಮೇಲೆ. ದಿನವೂ ಒಂದೆರಡು ಕಿಲೋಮೀಟರ್ ಹೊತ್ತು ನಡೆಯುವವರಿಗೆ ಅರ್ಧ ಕೆ.ಜಿ. ಉಳಿತಾಯ ದೊಡ್ಡದೇ. ವಾರಕ್ಕೊಮ್ಮೆ ಮಾತ್ರ ಒಯ್ಯುವವರಿಗೆ ಅದು ಅಷ್ಟು ಬೆಲೆ ಬಾಳುವ ಉಳಿತಾಯವಲ್ಲ.

ತೆಳುವಾಗಲು ಬಿಟ್ಟುಕೊಟ್ಟದ್ದು

ತೆಳು ಲ್ಯಾಪ್‌ಟಾಪಿನ ಕಥೆಯನ್ನು 2008ರ ಜನವರಿಯಿಂದ ಹೇಳುವುದು ರೂಢಿ. ಆ ತಿಂಗಳು ಆಪಲ್ ಕಂಪನಿ ತನ್ನ ಮೊದಲ ಮ್ಯಾಕ್‌ಬುಕ್ ಏರ್ ಅನ್ನು ಕಾಗದದ ಲಕೋಟೆಯಿಂದ ಹೊರತೆಗೆದು ತೋರಿಸಿತು. ಅದರ ಅತಿ ದಪ್ಪನೆಯ ಭಾಗ 1.94 ಸೆಂ.ಮೀ., ತೂಕ 1.36 ಕೆ.ಜಿ. ನೋಡಿದವರೆಲ್ಲ ಬೆರಗಾದರು. ಆದರೆ ಅದರಲ್ಲಿ ಸಿ.ಡಿ. ಹಾಕಲು ಜಾಗವಿರಲಿಲ್ಲ, ಇದ್ದದ್ದು ಒಂದೇ ಯು.ಎಸ್.ಬಿ. ಪೋರ್ಟ್. 2 ಜಿ.ಬಿ. ಮೆಮೊರಿಯನ್ನು ಬೋರ್ಡಿಗೇ ಬೆಸುಗೆ ಹಾಕಲಾಗಿತ್ತು, ಬ್ಯಾಟರಿಯನ್ನು ಬಳಕೆದಾರರೇ ಬದಲಿಸುವಂತಿರಲಿಲ್ಲ. ಅಮೆರಿಕದಲ್ಲಿ ಆರಂಭದ ಬೆಲೆ 1,799 ಡಾಲರ್. 2010ರ ಅಕ್ಟೋಬರ್‌ನಲ್ಲಿ ಬಂದ ಪರಿಷ್ಕೃತ ಮಾದರಿಯಲ್ಲಿ ಯು.ಎಸ್.ಬಿ. ಪೋರ್ಟ್‌ಗಳು ಎರಡಾದವು, ಅದೇ 13 ಇಂಚಿನ ಯಂತ್ರದ ಬೆಲೆ 1,299 ಡಾಲರಿಗೆ ಇಳಿಯಿತು. ಕಾದವರಿಗೆ ಕಡಿಮೆ ಹಣಕ್ಕೆ ಹೆಚ್ಚು ಅನುಕೂಲದ ಯಂತ್ರ ಸಿಕ್ಕಿತು.

ಅದೇ ಕಂಪನಿ 2015ರಲ್ಲಿ ಇನ್ನೂ ತೆಳುವಾದ, 1.31 ಸೆಂ.ಮೀ. ದಪ್ಪ ಮತ್ತು 920 ಗ್ರಾಂ ತೂಕದ ಯಂತ್ರವನ್ನು ತಂದಿತು. ಚಾರ್ಜ್ ಮಾಡಲೂ ಬೇರೆ ಉಪಕರಣ ಜೋಡಿಸಲೂ ಅದರಲ್ಲಿದ್ದದ್ದು ಒಂದೇ ಯು.ಎಸ್.ಬಿ.-ಸಿ ಪೋರ್ಟ್. ಕೀಲಿಗಳನ್ನು ತೆಳುವಾಗಿಸಲು ಹೊಸ ಬಗೆಯ ಕೀಲಿಮಣೆಯನ್ನು ಅದರಲ್ಲಿ ಅಳವಡಿಸಲಾಗಿತ್ತು. ಕೀಲಿ ಸಿಕ್ಕಿಹಾಕಿಕೊಳ್ಳುವ, ಒತ್ತಿದ ಅಕ್ಷರ ಎರಡು ಸಲ ಮೂಡುವ ದೂರುಗಳು ಬಂದು, 2018ರಲ್ಲಿ ಕಂಪನಿಯೇ ಉಚಿತ ದುರಸ್ತಿ ಯೋಜನೆಯನ್ನು ಪ್ರಕಟಿಸಬೇಕಾಯಿತು. 2019ರಲ್ಲಿ ಆ ಮಾದರಿಯ ಮಾರಾಟ ನಿಂತಿತು, ಅದೇ ವರ್ಷದ ಕೊನೆಯಿಂದ ಹಳೆಯ ಬಗೆಯ ಕೀಲಿಮಣೆ ಒಂದೊಂದಾಗಿ ಯಂತ್ರಗಳಿಗೆ ಮರಳಿತು. 2016ರಲ್ಲಿ ಮ್ಯಾಕ್‌ಬುಕ್ ಪ್ರೊ ಯಂತ್ರದಿಂದ ತೆಗೆದುಹಾಕಿದ್ದ ಎಚ್‌ಡಿಎಂಐ ಪೋರ್ಟ್ ಕೂಡ 2021ರಲ್ಲಿ ವಾಪಸು ಬಂತು. ದೋಷ ಒಂದೇ ಕಂಪನಿಯದು ಎಂದು ತೋರಿಸಲು ಈ ಉದಾಹರಣೆ ಕೊಟ್ಟದ್ದಲ್ಲ. ತೆಳುತನಕ್ಕಾಗಿ ಬಿಟ್ಟುಕೊಟ್ಟದ್ದು ನಿಜಕ್ಕೂ ಬೇಕಾಗಿತ್ತು ಎಂಬುದು ಎಷ್ಟೋ ಸಲ ಮೊದಲು ಕೊಂಡವರ ಅನುಭವದಿಂದಲೇ ತಿಳಿಯುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಇಂದಿನ ತೆಳು ಯಂತ್ರಗಳಲ್ಲಿ ಗಮನಿಸಬೇಕಾದ ಅಂಶಗಳು ನಾಲ್ಕು.

ಒಂದು, ಪೋರ್ಟ್‌ಗಳು. ಶಾಲೆಯ ಪ್ರೊಜೆಕ್ಟರ್ ಹಳೆಯದಾದರೆ ವಿಜಿಎ, ಈಚಿನದಾದರೆ ಎಚ್‌ಡಿಎಂಐ ತಂತಿ ಬೇಡುತ್ತದೆ. ತೆಳು ಯಂತ್ರದಲ್ಲಿ ಯು.ಎಸ್.ಬಿ.-ಸಿ ಮಾತ್ರ ಇರಬಹುದು. ನೋಡಲು ಒಂದೇ ರೀತಿ ಇದ್ದರೂ ಎಲ್ಲ ಸಿ ಪೋರ್ಟ್‌ಗಳೂ ಪ್ರೊಜೆಕ್ಟರಿಗೆ ಚಿತ್ರ ಕಳುಹಿಸುವುದಿಲ್ಲ. ಕೆಲವು ಚಾರ್ಜಿಗೆ ಮತ್ತು ಕಡತ ವರ್ಗಾವಣೆಗೆ ಮಾತ್ರ. ಅಂಗಡಿಯಲ್ಲೇ ಅಡಾಪ್ಟರ್ ಹಾಕಿ, ಅಲ್ಲಿನ ಟಿ.ವಿ.ಗೆ ಜೋಡಿಸಿ ತೋರಿಸಲು ಕೇಳಬೇಕು.

ಎರಡು, ಶಾಖ. ಪ್ರೊಸೆಸರ್ ಕೆಲಸ ಮಾಡಿದಂತೆ ಬಿಸಿಯಾಗುತ್ತದೆ. ಆ ಬಿಸಿಯನ್ನು ಹೊರಹಾಕಲು ಲೋಹದ ಪಟ್ಟಿ, ಫ್ಯಾನು, ಗಾಳಿ ಓಡಾಡುವ ಜಾಗ ಬೇಕು. ತೆಳು ಪೆಟ್ಟಿಗೆಯಲ್ಲಿ ಅದಕ್ಕೆ ಜಾಗ ಕಡಿಮೆ. ಆಗ ಯಂತ್ರ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಹಾಗಾಗಿ ಒಂದೇ ಹೆಸರಿನ ಪ್ರೊಸೆಸರ್ ದಪ್ಪ ಯಂತ್ರದಲ್ಲಿ ಒಂದು ರೀತಿ, ತೆಳು ಯಂತ್ರದಲ್ಲಿ ಇನ್ನೊಂದು ರೀತಿ ನಡೆಯಬಹುದು. ಸ್ಲೈಡು ತೋರಿಸುವ, ಟೈಪ್ ಮಾಡುವ ಕೆಲಸಕ್ಕೆ ಇದು ತೊಂದರೆ ಕೊಡುವುದಿಲ್ಲ. ಪಾಠದ ವಿಡಿಯೊ ಸಂಕಲನ ಮಾಡುವವರಿಗೆ ಇದರ ಬಿಸಿ ತಟ್ಟುತ್ತದೆ.

ಮೂರು, ಮೆಮೊರಿ. ಅನೇಕ ತೆಳು ಯಂತ್ರಗಳಲ್ಲಿ ಅದು ಬೆಸುಗೆ ಹಾಕಿದ್ದು. ಕೊಳ್ಳುವ ದಿನ ಎಷ್ಟಿದೆಯೋ ಕೊನೆಯವರೆಗೂ ಅಷ್ಟೇ. ಹೆಚ್ಚಿಸಲು ಸ್ಲಾಟ್ ಇದ್ದರೆ ಈಗ 8 ಜಿ.ಬಿ. ಸಾಕು, ಮುಂದೆ ಸೇರಿಸಿಕೊಳ್ಳಬಹುದು. ಸ್ಲಾಟ್ ಇಲ್ಲದಿದ್ದರೆ, ಐದು ವರ್ಷ ಬಳಸುವ ಉದ್ದೇಶವಿದ್ದರೆ, ಮೊದಲೇ 16 ಜಿ.ಬಿ. ಇರುವುದನ್ನು ಆರಿಸಬೇಕು.

ನಾಲ್ಕು, ಬ್ಯಾಟರಿ. ಇದರ ಸಾಮರ್ಥ್ಯವನ್ನು ವಾಟ್-ಅವರ್ ಎಂಬ ಮಾನದಲ್ಲಿ ಹೇಳುತ್ತಾರೆ. 50 ವಾಟ್-ಅವರ್ ಬ್ಯಾಟರಿ ಇರುವ ಯಂತ್ರ ನಮ್ಮ ಕೆಲಸದಲ್ಲಿ 8 ವಾಟ್ ಬಳಸಿದರೆ 50 ÷ 8, ಅಂದರೆ ಸುಮಾರು ಆರು ಗಂಟೆ ನಡೆಯುತ್ತದೆ. ಬಳಸುತ್ತ ಹೋದಂತೆ ಸಾಮರ್ಥ್ಯ ಶೇ. 80ಕ್ಕೆ ಇಳಿದರೆ ಅದೇ ಯಂತ್ರ ಐದು ಗಂಟೆಗೆ ನಿಲ್ಲುತ್ತದೆ. ಜಾಹೀರಾತಿನ “15 ಗಂಟೆ” ಬೆಳಕು ತಗ್ಗಿಸಿ, ಹಗುರ ಕೆಲಸ ಮಾಡಿಸಿ ಅಳೆದದ್ದಾಗಿರಬಹುದು. ಗಂಟೆಯ ಬದಲು ವಾಟ್-ಅವರ್ ಎಷ್ಟು ಎಂದು ಕೇಳುವುದು ಸರಿಯಾದ ಕ್ರಮ.

ನಮ್ಮ ಕೆಲಸದ ಪಟ್ಟಿ

ಪ್ರಶಿಕ್ಷಣಾರ್ಥಿಯ ಒಂದು ವಾರವನ್ನು ನೋಡೋಣ. ಕನ್ನಡದಲ್ಲಿ ಪಾಠಯೋಜನೆ ಟೈಪ್ ಮಾಡುವುದು, ದೀಕ್ಷಾದಿಂದ ಸಂಪನ್ಮೂಲ ಇಳಿಸಿಕೊಳ್ಳುವುದು, ಜಿಯೋಜೀಬ್ರಾದಲ್ಲಿ ತ್ರಿಭುಜ ಎಳೆದು ತೋರಿಸುವುದು, ಫೆಟ್ ತಾಣದ ವಿಜ್ಞಾನದ ಅನುಕರಣ ಪ್ರಯೋಗಗಳನ್ನು ಮೊದಲೇ ಇಳಿಸಿಕೊಂಡು ನೆಟ್‌ವರ್ಕ್ ಇಲ್ಲದ ಕೋಣೆಯಲ್ಲಿ ನಡೆಸುವುದು, ಅಂಕಗಳನ್ನು ಪಟ್ಟಿ ಮಾಡುವುದು, ಸ್ಲೈಡುಗಳನ್ನು ಪ್ರದರ್ಶಿಸುವುದು. ಇವುಗಳಲ್ಲಿ ಯಾವುದೂ ಭಾರಿ ಪ್ರೊಸೆಸರ್ ಬೇಡುವ ಕೆಲಸವಲ್ಲ. ಹಾರ್ಡ್‌ಡಿಸ್ಕಿನ ಬದಲು ಎಸ್‌ಎಸ್‌ಡಿ, ಸಾಕಷ್ಟು ಮೆಮೊರಿ, ಹಗಲು ಬೆಳಕಿನಲ್ಲಿ ಓದಬಹುದಾದ ಪರದೆ, ಬೆರಳಿಗೆ ಹಿತವಾದ ಕೀಲಿಮಣೆ ಇದ್ದರೆ ಸಾಕು.

ಕನ್ನಡದ ಮಾತು ಬೇರೆಯಾಗಿ ಹೇಳಬೇಕು. ನುಡಿ, ಬರಹ ತಂತ್ರಾಂಶಗಳಿಗೆ ಯಾವ ಸಾಧಾರಣ ಯಂತ್ರವೂ ಸಾಕು. ವಿಂಡೋಸಿನಲ್ಲಿ 2019ರಿಂದ ಕನ್ನಡದ ಉಚ್ಚಾರಣಾ ಆಧಾರಿತ ಕೀಲಿಮಣೆಯೂ ಒಳಗೊಂಡೇ ಬರುತ್ತದೆ. ಹಳೆಯ ಪಾಠಯೋಜನೆ ಹೊಸ ಯಂತ್ರದಲ್ಲಿ ಗೊಂದಲದ ಅಕ್ಷರಗಳಾಗಿ ಕಾಣಿಸಿದರೆ ಅದು ಯಂತ್ರದ ದೋಷವಲ್ಲ. ಯುನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು, ಆ ಫಾಂಟ್ ಹೊಸ ಯಂತ್ರದಲ್ಲಿ ಇಲ್ಲ, ಅಷ್ಟೆ. ದುಬಾರಿ ಯಂತ್ರ ಕೊಂಡರೆ ಈ ಸಮಸ್ಯೆ ಹೋಗದು, ಯುನಿಕೋಡಿನಲ್ಲಿ ಬರೆಯುವ ಅಭ್ಯಾಸದಿಂದ ಹೋಗುತ್ತದೆ. ಅಂಗಡಿಯಲ್ಲಿ ಮಾತ್ರ ಒಂದು ಪುಟ ಕನ್ನಡ ಟೈಪ್ ಮಾಡಿ ನೋಡಲು ಮರೆಯಬಾರದು. ತೆಳು ಕೀಲಿಮಣೆ ಕೈಗೆ ಒಗ್ಗುತ್ತದೆಯೇ ಇಲ್ಲವೇ ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಇನ್ನೊಂದು ವಿಷಯ ಮರೆತುಹೋಗುವುದುಂಟು. ಕರೆಂಟು ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ, ಪ್ರೊಜೆಕ್ಟರ್ ನಡೆಯುವುದಿಲ್ಲ. 14 ಇಂಚಿನ ಪರದೆಯ ಅಗಲ ಸುಮಾರು 31 ಸೆಂ.ಮೀ. ಅದರ ಸುತ್ತ ಆರೆಂಟು ಮಕ್ಕಳು ನಿಂತು ನೋಡಬಹುದು, ಇಡೀ ತರಗತಿಗೆ ಅದು ಕಾಣದು. ಆದ್ದರಿಂದ ಬ್ಯಾಟರಿ ಎಷ್ಟೇ ದೊಡ್ಡದಿರಲಿ, ಕರಿಹಲಗೆಯ ಪಾಠ ಸಿದ್ಧವಾಗಿಯೇ ಇರಬೇಕು. ಲ್ಯಾಪ್‌ಟಾಪ್ ಹೆಚ್ಚಾಗಿ ನೆರವಾಗುವುದು ಪಾಠದ ತಯಾರಿಗೆ. ಪಾಠದ ಗುಣ ಅದರ ದಪ್ಪವನ್ನು ಅವಲಂಬಿಸಿಲ್ಲ.

ಮಲೆನಾಡು ಒಡ್ಡುವ ಪರೀಕ್ಷೆ

ಬೆಂಗಳೂರಿನಲ್ಲಿ ಕುಳಿತು ಬರೆದ ವಿಮರ್ಶೆ ಆಗುಂಬೆಯ ನೆರೆಯ ನಮ್ಮ ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಪುನರ್ವಸು, ಪುಷ್ಯ ಮಳೆಯ ದಿನಗಳಲ್ಲಿ ಕಪಾಟಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ. ಆ ತೇವದಲ್ಲಿ ಲ್ಯಾಪ್‌ಟಾಪನ್ನು ವಾರಗಟ್ಟಲೆ ಚೀಲದಲ್ಲಿ ಮುಚ್ಚಿಡುವುದಕ್ಕಿಂತ ದಿನಕ್ಕೊಂದಿಷ್ಟು ಹೊತ್ತು ಬಳಸುವುದು ಒಳ್ಳೆಯದು. ಯಂತ್ರ ಬೆಚ್ಚಗಾದಾಗ ಒಳಗಿನ ತೇವ ಆರುತ್ತದೆ. ಫ್ಯಾನ್ ಇಲ್ಲದ ತೆಳು ಯಂತ್ರಗಳಿಗೆ ಇಲ್ಲಿ ಒಂದು ಅನುಕೂಲವಿದೆ: ಗಾಳಿಯ ಜೊತೆ ದೂಳನ್ನೂ ಸಣ್ಣ ಹುಳಗಳನ್ನೂ ಒಳಗೆ ಎಳೆದುಕೊಳ್ಳುವುದಿಲ್ಲ.

ನೀರು ಬಿದ್ದಾಗ ಮಾತ್ರ ಅನುಕೂಲ ತಿರುಗುಮುರುಗಾಗುತ್ತದೆ. ಹಳೆಯ ಯಂತ್ರವಾದರೆ ಬ್ಯಾಟರಿಯನ್ನು ತಕ್ಷಣ ಕಳಚಬಹುದಿತ್ತು. ತೆಳು ಯಂತ್ರದಲ್ಲಿ ಬ್ಯಾಟರಿ ಒಳಗೇ ಇರುವುದರಿಂದ, ಆಫ್ ಮಾಡಿದ ಮೇಲೂ ಬೋರ್ಡಿನ ಕೆಲ ಭಾಗಗಳಿಗೆ ವಿದ್ಯುತ್ ಹರಿಯುತ್ತಿರಬಹುದು. ಚಾರ್ಜರ್ ಕಿತ್ತು, ಯಂತ್ರ ನಿಲ್ಲಿಸಿ, ಮತ್ತೆ ಆನ್ ಮಾಡಿ ಪರೀಕ್ಷಿಸದೆ, ದುರಸ್ತಿಯವರಲ್ಲಿಗೆ ಒಯ್ಯಬೇಕು. ಒಳ್ಳೆಯ ಜಲನಿರೋಧಕ ಚೀಲದ ಬೆಲೆಯನ್ನು ಲ್ಯಾಪ್‌ಟಾಪಿನ ಬೆಲೆಯಲ್ಲೇ ಸೇರಿಸಿಕೊಳ್ಳುವುದು ಜಾಣತನ.

ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ದಿನಗಳಲ್ಲಿ ಚಾರ್ಜರನ್ನು ಗೋಡೆಯಿಂದ ಕೀಳುವುದು ಕಡ್ಡಾಯ. ಯು.ಎಸ್.ಬಿ.-ಸಿ ಮೂಲಕ ಚಾರ್ಜ್ ಆಗುವ ಯಂತ್ರವಾದರೆ ಚಾರ್ಜರ್ ಕೆಟ್ಟಾಗ ಬದಲಿ ಸುಲಭವಾಗಿ ಸಿಗುತ್ತದೆ, ಸಾಕಷ್ಟು ವಾಟ್ ಕೊಡುವ ಪವರ್‌ಬ್ಯಾಂಕಿನಿಂದಲೂ ನಡೆಸಬಹುದು. ಕರೆಂಟು ದಿನಗಟ್ಟಲೆ ಇಲ್ಲದ ಮಳೆಗಾಲದಲ್ಲಿ ಇದು ತೆಳು ಯಂತ್ರಗಳ ಪರವಾಗಿ ನಿಲ್ಲುವ ಗುಣ.

ದುರಸ್ತಿಯ ಪ್ರಶ್ನೆ ಎಲ್ಲಕ್ಕಿಂತ ಗಂಭೀರ. ಕಂಪನಿಯ ಅಧಿಕೃತ ಸೇವಾ ಕೇಂದ್ರ ಎಲ್ಲಿದೆ? ಶಿವಮೊಗ್ಗವೋ ಚಿಕ್ಕಮಗಳೂರೋ ಮಂಗಳೂರೋ? ವಾರಂಟಿಯ ಪ್ರಕಾರ ತಂತ್ರಜ್ಞ ಮನೆಗೆ ಬರುತ್ತಾನೆಯೋ ನಾವೇ ಒಯ್ಯಬೇಕೋ? ಮನೆಗೆ ಬರುವ ಸೇವೆ ಎಂದಿದ್ದರೆ ನಮ್ಮ ಪಿನ್‌ಕೋಡಿಗೂ ಅದು ಅನ್ವಯಿಸುತ್ತದೆಯೇ? ಕೊಳ್ಳುವ ಮೊದಲೇ ಫೋನ್ ಮಾಡಿ ಕೇಳಬೇಕು. ಬೋಧನಾಭ್ಯಾಸದ ನಡುವೆ ಯಂತ್ರ ಮೂರು ವಾರ ದುರಸ್ತಿಯಲ್ಲಿದ್ದರೆ ಅದರ ತೆಳುತನ ಯಾರಿಗೂ ಉಪಯೋಗಕ್ಕೆ ಬಾರದು. ಬಿಲ್ಲು ಕೊಳ್ಳುವವರ ಹೆಸರಿನಲ್ಲೇ ಇರಲಿ, ಅದರ ಒಂದು ಚಿತ್ರ ಮೊಬೈಲಿನಲ್ಲೂ ಇರಲಿ.

ಹಣದ ಲೆಕ್ಕ

ಎರಡು ಕಾಲ್ಪನಿಕ ಯಂತ್ರಗಳನ್ನು ತೆಗೆದುಕೊಳ್ಳೋಣ. “ಅ” ಹೊಸ ತೆಳು ಮಾದರಿ, ತೂಕ 1.2 ಕೆ.ಜಿ., ಬೆಲೆ ₹75,000. “ಆ” ಕಳೆದ ವರ್ಷದ ಸಾಧಾರಣ ಮಾದರಿ, ತೂಕ 1.7 ಕೆ.ಜಿ., ಬೆಲೆ ₹45,000. ಚೀಲ, ಅಡಾಪ್ಟರ್, ಸಣ್ಣ ದುರಸ್ತಿ ಇತ್ಯಾದಿಗೆ ಎರಡಕ್ಕೂ ₹5,000 ಸೇರಿಸೋಣ. ವರ್ಷಕ್ಕೆ 200 ದಿನದಂತೆ ಐದು ವರ್ಷ ಬಳಸಿದರೆ 1,000 ದಿನ. “ಅ” ದಿನಕ್ಕೆ ₹80, “ಆ” ದಿನಕ್ಕೆ ₹50 ಬೀಳುತ್ತದೆ. ಈಗ ಪ್ರಶ್ನೆ ಸ್ಪಷ್ಟವಾಯಿತು: ಅರ್ಧ ಕೆ.ಜಿ. ಹೊರೆ ಇಳಿಸಿಕೊಳ್ಳಲು ದಿನಕ್ಕೆ ₹30 ಕೊಡುತ್ತೇನೆಯೇ? ದಿನವೂ ಏರುದಾರಿ ಹತ್ತುವವರು, ಬೆನ್ನುನೋವಿರುವವರು ಹೌದೆನ್ನಬಹುದು. ಅದು ತಪ್ಪಲ್ಲ. ಆದರೆ “ಅ” ಯಂತ್ರದ ಮೆಮೊರಿ ಕಡಿಮೆಯಿದ್ದು, ಹೆಚ್ಚಿಸಲೂ ಆಗದೆ, ಮೂರೇ ವರ್ಷಕ್ಕೆ ಬದಲಿಸಬೇಕಾಗಿ ಬಂದರೆ 600 ದಿನಕ್ಕೆ ₹80,000, ಅಂದರೆ ದಿನಕ್ಕೆ ₹133.

ಕಂತಿನ ವಿಷಯವನ್ನೂ ನೋಡಬೇಕು. ₹60,000 ಬೆಲೆಯ ಯಂತ್ರಕ್ಕೆ “ಬಡ್ಡಿಯಿಲ್ಲದ” 12 ಕಂತು, ತಿಂಗಳಿಗೆ ₹5,000. ಅದೇ ಯಂತ್ರವನ್ನು ನಗದು ಕೊಟ್ಟರೆ ₹57,000ಕ್ಕೆ ಕೊಡುತ್ತಾರೆ ಎಂದುಕೊಳ್ಳಿ. ಹಾಗಿದ್ದರೆ ನಿಜವಾದ ಬೆಲೆ ₹57,000, ಉಳಿದ ₹3,000 ಬಡ್ಡಿಯೇ. ಸಾಲ ತಿಂಗಳು ತಿಂಗಳು ಕರಗುವುದರಿಂದ ಈ ಬಡ್ಡಿಯ ದರ ₹57,000ಕ್ಕೆ ₹3,000, ಅಂದರೆ ಶೇ. 5 ಅಲ್ಲ. ವರ್ಷಕ್ಕೆ ಸುಮಾರು ಶೇ. 9.6 ಆಗುತ್ತದೆ. ಪ್ರೊಸೆಸಿಂಗ್ ಶುಲ್ಕ ಇದ್ದರೆ ಇನ್ನೂ ಹೆಚ್ಚು. ಕಂತು ಮುಂದಿನ ತಿಂಗಳಿನಿಂದಲೇ ಆರಂಭವಾಗುತ್ತದೆ, ಅಡಿಕೆಯ ಹಣ ಬರುವುದು ಕೊಯ್ಲಿನ ನಂತರ. ಸಾಧ್ಯವಿದ್ದರೆ ಕೊಯ್ಲಿನವರೆಗೆ ಕಾದು ನಗದಿಗೆ ಕೊಳ್ಳುವುದು ನಮ್ಮ ಮನೆಗಳ ಆದಾಯದ ಕ್ರಮಕ್ಕೆ ಹೊಂದುತ್ತದೆ.

ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಿಧಾನವಾಗಿರುವುದಕ್ಕೆ ಹಾರ್ಡ್‌ಡಿಸ್ಕ್ ಕಾರಣವಾದರೆ ಎಸ್‌ಎಸ್‌ಡಿ ಹಾಕಿಸಿದರೆ ಅದು ಚುರುಕಾಗುತ್ತದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಿಡಿಸದ ಯಂತ್ರದಲ್ಲಿ ಉಬುಂಟುವಿನಂಥ ಉಚಿತ ಲಿನಕ್ಸ್ ಹಾಕಿಕೊಂಡರೆ ಕನ್ನಡ ಟೈಪಿಂಗೂ ಜಿಯೋಜೀಬ್ರಾವೂ ನಡೆಯುತ್ತವೆ. ಕಡಿಮೆ ಬೆಲೆಗೆ ಹಳೆಯ ಯಂತ್ರ ಕೊಳ್ಳುವವರು ಅದು ವಿಂಡೋಸ್ 11ಕ್ಕೆ ಅರ್ಹವೇ ಎಂದು ಮೊದಲು ಕೇಳಬೇಕು.

ನಿರ್ಧರಿಸುವ ಕ್ರಮ

ಗುಣಗಳಿಗೆಲ್ಲ ಅಂಕ ಕೊಟ್ಟು ಒಟ್ಟು ಕೂಡಿಸುವ ಪದ್ಧತಿ ಇಲ್ಲಿ ದಾರಿ ತಪ್ಪಿಸುತ್ತದೆ. ಚೆಂದಕ್ಕೂ ತೆಳುತನಕ್ಕೂ ಬಂದ ಅಂಕ, ದುರಸ್ತಿಗೆ ಬಂದ ಸೊನ್ನೆಯನ್ನು ಮುಚ್ಚಿಹಾಕುತ್ತದೆ. ಪರೀಕ್ಷೆಯಲ್ಲಿ ಒಂದು ವಿಷಯ ನಪಾಸಾದರೆ ಇನ್ನೊಂದರ ತೊಂಬತ್ತು ಅಂಕ ಕೈಹಿಡಿಯದು. ಹಾಗೆಯೇ ಮೊದಲು ಪಾಸಾಗಲೇಬೇಕಾದ ಐದು ಪ್ರಶ್ನೆಗಳು: ಶಾಲೆಯ ಪ್ರೊಜೆಕ್ಟರಿಗೆ ಜೋಡಣೆಯಾಗುತ್ತದೆಯೇ? ಐದು ವರ್ಷಕ್ಕೆ ಸಾಕಾಗುವ ಮೆಮೊರಿ ಇದೆಯೇ? ಕೀಲಿಮಣೆ ಕನ್ನಡ ಟೈಪಿಂಗಿಗೆ ಒಗ್ಗುತ್ತದೆಯೇ? ದುರಸ್ತಿ ಕೈಗೆಟಕುವ ದೂರದಲ್ಲಿದೆಯೇ? ಮನೆಯ ಉಳಿದ ಖರ್ಚಿಗೆ ಕೈ ಹಾಕದೆ ಹಣ ಹೊಂದುತ್ತದೆಯೇ? ಒಂದಕ್ಕೆ ಇಲ್ಲ ಎಂದಾದರೂ ಆ ಯಂತ್ರ ಪಟ್ಟಿಯಿಂದ ಹೊರಗೆ. ಐದರಲ್ಲೂ ಪಾಸಾದವುಗಳ ನಡುವೆ ತೂಕ, ಬ್ಯಾಟರಿ, ಪರದೆಗಳನ್ನು ಹೋಲಿಸಬಹುದು. ತೆಳುತನಕ್ಕೆ ಸರದಿ ಬರುವುದು ಆಮೇಲೆ.

ಹೊಸ ಮಾದರಿ ಎಂಬುದೇ ಕಾರಣವಾಗಿದ್ದರೆ ನಾಲ್ಕಾರು ತಿಂಗಳು ಕಾಯುವುದರಿಂದ ನಷ್ಟವಿಲ್ಲ. ಅಷ್ಟರಲ್ಲಿ ಬಳಸಿದವರ ಅನುಭವ ಹೊರಬರುತ್ತದೆ, ಹಿಂದಿನ ಮಾದರಿಯ ಬೆಲೆ ಇಳಿಯಬಹುದು. ಕೆಲಸ ನಿಂತಿದೆ, ಕೈಯಲ್ಲಿ ಯಂತ್ರವೇ ಇಲ್ಲ ಎಂಬುದು ಬೇರೆ ಮಾತು. ಆಗಲೂ ಕೊಳ್ಳಬೇಕಾದದ್ದು ಇಂದಿನ ಕೆಲಸಕ್ಕೆ ಒದಗುವುದನ್ನು.

ತರಗತಿಗೆ ಒಂದು ಚಟುವಟಿಕೆ

ಶೇಕಡಾ, ರಿಯಾಯಿತಿ, ಬಡ್ಡಿ ಕಲಿಸುವ ಎಂಟನೆಯ ಅಥವಾ ಒಂಬತ್ತನೆಯ ತರಗತಿಯ ಗಣಿತ ಪಾಠಕ್ಕೆ ಇದೇ ವಿಚಾರವನ್ನು ಬಳಸಬಹುದು. ಎಲ್ಲ ಮಕ್ಕಳ ಮನೆಯಲ್ಲಿ ಲ್ಯಾಪ್‌ಟಾಪ್ ಇರದ ಕಾರಣ ಪೀಠಿಕೆಗೆ ಕೊಡೆಯನ್ನು ಆರಿಸಿಕೊಳ್ಳಬಹುದು. ಮೂರು ಮಡಿಕೆಯ ಪುಟ್ಟ ಕೊಡೆ ಮತ್ತು ಉದ್ದ ಹಿಡಿಯ ಕೊಡೆ, ಎರಡನ್ನೂ ಮೇಜಿನ ಮೇಲಿಟ್ಟು ನಮ್ಮೂರ ಗಾಳಿಮಳೆಗೆ ಯಾವುದು, ಏಕೆ ಎಂದು ಕೇಳಿ. ಮಡಚುವ ಅನುಕೂಲಕ್ಕೆ ಗಟ್ಟಿತನದಲ್ಲಿ ಏನು ಕಡಿಮೆಯಾಯಿತು ಎಂಬುದನ್ನು ಮಕ್ಕಳೇ ಹೇಳುತ್ತಾರೆ. ನಂತರ ಮೇಲಿನ “ಅ”, “ಆ” ಯಂತ್ರಗಳ ವಿವರವನ್ನು ಕರಿಹಲಗೆಯ ಮೇಲೆ ಬರೆದು, ಗುಂಪುಗಳಿಗೆ ಬೇರೆ ಬೇರೆ ಬಳಕೆದಾರರನ್ನು ಕೊಡಿ: ದಿನವೂ ನಡೆದು ಹೋಗುವ ಶಿಕ್ಷಕಿ, ಮನೆಯಲ್ಲೇ ಕೆಲಸ ಮಾಡುವ ಲೆಕ್ಕಪತ್ರಗಾರ, ಕಾಲೇಜಿಗೆ ಸೇರುವ ವಿದ್ಯಾರ್ಥಿ. ದಿನದ ವೆಚ್ಚ, ಕಂತಿನ ಹೆಚ್ಚುವರಿ ಹಣ ಎಷ್ಟೆಂದು ಮಕ್ಕಳು ಲೆಕ್ಕ ಹಾಕಲಿ.

ಗುಂಪುಗಳ ಆಯ್ಕೆ ಬೇರೆ ಬೇರೆಯಾಗುತ್ತದೆ. ಮೌಲ್ಯಮಾಪನದಲ್ಲಿ ಅಂಕ ಕೊಡಬೇಕಾದದ್ದು ಆಯ್ಕೆಗಲ್ಲ, ಆಯ್ಕೆಗೆ ಕೊಟ್ಟ ಕಾರಣಕ್ಕೆ ಮತ್ತು ಲೆಕ್ಕದ ನಿಖರತೆಗೆ. ಯಾರ ಮನೆಯಲ್ಲಿ ಯಾವ ಯಂತ್ರವಿದೆ ಎಂದು ತರಗತಿಯಲ್ಲಿ ಕೇಳದಿರುವುದು ಒಳ್ಳೆಯದು. ಪಾಠ ಮುಗಿಯುವಾಗ ಪ್ರತಿ ಗುಂಪೂ ಒಂದು ವಾಕ್ಯ ಪೂರ್ಣಗೊಳಿಸಲಿ: “ಈ ಯಂತ್ರ ಇವರಿಗೆ ಹೊಂದುತ್ತದೆ, ಏಕೆಂದರೆ…” ಆ ವಾಕ್ಯವನ್ನು ಪ್ರಶಿಕ್ಷಣಾರ್ಥಿಯೂ ಅಂಗಡಿಗೆ ಹೋಗುವ ಮೊದಲು ತನ್ನ ಹೆಸರು ಹಾಕಿ ಬರೆದು ನೋಡಬಹುದು. “ಏಕೆಂದರೆ” ಪದದ ಮುಂದೆ ತನ್ನ ಕೆಲಸ ಬಂದರೆ ಕೊಳ್ಳಬಹುದು. ಅಲ್ಲಿ ಜಾಹೀರಾತಿನ ಮಾತೇ ಬಂದರೆ ಇನ್ನಷ್ಟು ದಿನ ಕಾಯುವುದೇ ಸರಿ.